ಡಾಲ್ಟನ್ ವಂಶದ ಸೊಸೆ

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂಬ ಒಂದು ವಾಹನವಿದೆ. ಮುಂದಿನರ್ಧ ಕಾರು, ಹಿಂದಿನರ್ಧ ಲಾರಿ. ಅಲ್ಲಿಯ ಗಂಡಸರು ಒಂದು ಬಾಟಲಿ ಹಾಲು ತರಬೇಕಾದರೂ ಅದನ್ನೇ ಹತ್ತಿಕೊಂಡು ಹೋಗುತ್ತಾರಂತೆ. ಹೋಗಲಿ ಬಿಡಿ, ಅವರ ಪೆಟ್ರೋಲು, ಅವರ ಹಾಲು. ಆದರೆ ಆ ಲಾರಿಯ ದೆಸೆಯಿಂದ ಚೆನ್ನೈನ ಪೋರೂರಿನಲ್ಲಿ, ಈರುಳ್ಳಿ ಹೆಚ್ಚಲೂ ತಿಥಿ ನೋಡುವ ನಮ್ಮಂಥ ಮಾಧ್ವರ ಮನೆಯಲ್ಲಿ, ವೆಂಕಟಲಕ್ಷ್ಮಿ ಎಂಬ ನಾನು ಯಾಕೆ ಹೊಟ್ಟೆ ಉರಿಸಿಕೊಳ್ಳಬೇಕು?

ನಮ್ಮವರು ಸುಜಯೀಂದ್ರ. ಶೋಳಿಂಗನಲ್ಲೂರಿನ ಒಂದು ಗಾಜಿನ ಕಟ್ಟಡದಲ್ಲಿ ಕೂತು ಡಾಲ್ಟನ್ ಎಂಬ ಅಮೆರಿಕನ್ ಕಂಪನಿಯ ಟ್ರಕ್ಕುಗಳ ವಾರಂಟಿ ನೋಡಿಕೊಳ್ಳುತ್ತಾರೆ. ಅಂದರೆ ಅಲ್ಲಿ ಯಾರದೋ ಟ್ರಕ್ಕು ಕೆಟ್ಟು ನಿಂತರೆ, ರಿಪೇರಿ ಖರ್ಚನ್ನು ಕಂಪನಿ ಕೊಡಬೇಕೋ ಬೇಡವೋ ಎಂದು ಇಲ್ಲಿಂದ ಇವರು ತೀರ್ಪು ಹೇಳಬೇಕು. ತೀರ್ಪು ಸಾಮಾನ್ಯವಾಗಿ ‘ಬೇಡ’ ಎಂದೇ ಇರುತ್ತದೆ. ಕಾರಣಗಳೂ ಸಿದ್ಧವಾಗಿರುತ್ತವೆ: ಒಂದೋ ‘ಸಹಜ ಸವೆತ’, ಇಲ್ಲವೇ ‘ಗ್ರಾಹಕರ ದುರ್ಬಳಕೆ’. ದಿನವಿಡೀ ಡಾಲ್ಟನ್ ಕೆಟ್ಟ ಕಥೆಗಳನ್ನೇ ಓದುವ ಮನುಷ್ಯನಿಗೆ ಡಾಲ್ಟನ್ ಎಂದರೆ ಜಿಗುಪ್ಸೆ ಹುಟ್ಟಬೇಕು ತಾನೆ? ಇವರಿಗೆ ಭಕ್ತಿ ಹುಟ್ಟಿದೆ.

“ಇಷ್ಟು ಜನ ಕಂಪ್ಲೇಂಟ್ ಮಾಡ್ತಾರೆ ಅಂದ್ರೆ ಎಷ್ಟು ಜನ ಕೊಂಡಿರಬೇಕು, ಯೋಚನೆ ಮಾಡು” ಎನ್ನುತ್ತಾರೆ. ಡಾಲ್ಟನ್ ಟ್ರಕ್ಕನ್ನು ಇವರು ಕಣ್ಣಾರೆ ಕಂಡವರಲ್ಲ. ಆದರೂ ಊಟಕ್ಕೆ ಕೂತರೆ ಅದರದ್ದೇ ಗುಣಗಾನ. ಅದು ಆನೆಗಳ ಹಿಂಡನ್ನೇ ಎಳೆಯುತ್ತದಂತೆ, ಬೆಟ್ಟ ಹತ್ತುತ್ತದಂತೆ. (ನಮ್ಮ ಬಾಗಿಲಲ್ಲಿ ಇಳಿಸಿ ಹೋದ ನೀರಿನ ಕ್ಯಾನನ್ನು ಅಡುಗೆಮನೆಯವರೆಗೆ ಎಳೆಯುವವಳು ನಾನು. ನನ್ನ ಗುಣಗಾನ ಮಾಡಿದವರನ್ನು ಇನ್ನೂ ಕಾಣೆ.)

ಆಫೀಸಿನ ಚಾಳಿಯನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬರುವ ಅಭ್ಯಾಸವೂ ಇವರಿಗಿಲ್ಲ. ಮಿಕ್ಸಿ ಜಾರು ಬಿರುಕು ಬಿಟ್ಟಿತು ಎಂದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ “ಗ್ರಾಹಕರ ದುರ್ಬಳಕೆ” ಎಂದರು. ಮಂಡಿ ನೋಯುತ್ತಿದೆ ಎಂದೆ. ಪೇಪರಿನಿಂದ ತಲೆ ಎತ್ತದೆ “ಸಹಜ ಸವೆತ” ಎಂದರು.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ನಮ್ಮ ಕಾರು. ಡಾಲ್ಟನ್ ಕಂಪನಿ ಒಂದು ಕಾಲದಲ್ಲಿ ನಮ್ಮ ದೇಶಕ್ಕೂ ಬಂದು ಸಣ್ಣ ಕಾರು ಮಾರಿತು. ಆಮೇಲೆ ವ್ಯಾಪಾರ ಕುದುರದೆ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಹೋಗುವಾಗ ಬಿಟ್ಟುಹೋದ ಅನಾಥ ಶಿಶುಗಳಲ್ಲಿ ಒಂದು ನಮ್ಮ ಮನೆಯಲ್ಲಿದೆ. ಮಗಳು ಅಕ್ಷಯಾ ಎಲ್‌ಕೆಜಿಯಲ್ಲಿದ್ದಾಗ ಕೊಂಡದ್ದು, ಈಗ ಅವಳು ಕಾಲೇಜು. ಅದರ ಎಸಿ ಸತ್ತು ಎಷ್ಟೋ ಬೇಸಿಗೆ ಕಳೆಯಿತು. ಹಿಂದಿನ ಒಂದು ಕಿಟಕಿ ಮೇಲೇರುವುದಿಲ್ಲ, ಇನ್ನೊಂದು ಕೆಳಗಿಳಿಯುವುದಿಲ್ಲ. ಅದರ ಕ್ಲಚ್ ಒತ್ತಬೇಕಾದರೆ ಗರಡಿಮನೆಯ ಕಾಲು ಬೇಕು.

ಇಲ್ಲೇ ಇರುವುದು ನನ್ನ ನೋವು. ನಾನು ಡ್ರೈವಿಂಗ್ ಶಾಲೆಗೆ ಹೋಗಿ, ಹುಡುಗಿಯರ ನಡುವೆ ನಾಚಿಕೆ ಬಿಟ್ಟು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದೇನೆ. ಲೈಸೆನ್ಸ್ ಪರ್ಸಿನಲ್ಲಿ ಕೊಳೆಯುತ್ತಿದೆ. ಕ್ಲಚ್ ಇಲ್ಲದ ಒಂದು ಪುಟ್ಟ ಆಟೋಮ್ಯಾಟಿಕ್ ಕಾರಿದ್ದರೆ ಯಾರ ಮುಖವನ್ನೂ ನೋಡದೆ ನನಗೆ ಬೇಕಾದಾಗ ಬೇಕಾದಲ್ಲಿಗೆ ಹೋಗಬಹುದು. ಈ ವಯಸ್ಸಿನಲ್ಲಿ ನನಗಿದ್ದ ಆಸೆ ಅದೊಂದೇ. ಹಳೆಯದನ್ನು ತೆಗೆಯದೆ ಹೊಸದು ತರುವಂತಿಲ್ಲ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದೇ ಪಾರ್ಕಿಂಗು. ಹಳೆಯದನ್ನು ತೆಗೆಯೋಣ ಎಂದರೆ ಇವರು “ಡಾಲ್ಟನ್ನನ್ನ ಮಾರೋದಾ?” ಎಂದು ಹೆತ್ತ ಮಗುವನ್ನು ಮಾರಲು ಹೇಳಿದವಳನ್ನು ನೋಡುವಂತೆ ನೋಡುತ್ತಾರೆ.

ದಾರಿ ತೋರಿಸಿದವಳು ಅಕ್ಷಯಾ. ನಾನು ಕನ್ನಡದಲ್ಲಿ ಅತ್ತರೆ ಅವಳು ತಮಿಳಿನಲ್ಲಿ ಸಮಾಧಾನ ಹೇಳುತ್ತಾಳೆ. “ಅಮ್ಮಾ, ಅಪ್ಪಾಕಿಟ್ಟ ಸಂಡೆ ಪೋಡಾದೆ. ಅಪೀಲ್ ಪೋಡು” ಎಂದಳು. ಜಗಳವಾಡಬೇಡ, ಮೇಲ್ಮನವಿ ಹಾಕು. ಗ್ರಾಹಕರು ತೀರ್ಪು ಒಪ್ಪದಿದ್ದರೆ ಹೊರಗಿನವರೊಬ್ಬರಿಂದ ತಪಾಸಣೆ ಮಾಡಿಸುವ ಪದ್ಧತಿ ಇವರ ಆಫೀಸಿನಲ್ಲಿದೆಯಂತೆ. ನಾನು ಅಂದೇ ಸಾಂಬಾರು ಬಡಿಸುತ್ತ ಅಪೀಲು ಹಾಕಿದೆ. ನಿಯಮ ಎಂದರೆ ಇವರಿಗೆ ಪ್ರಾಣ, ಇಲ್ಲ ಎನ್ನಲಾಗಲಿಲ್ಲ.

“ಸರಿ. ಇನ್‌ಸ್ಪೆಕ್ಟರ್ ಯಾರು?”

“ಸಂಜೀವ” ಎಂದೆ. ಇವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಸಂಜೀವ ನನ್ನ ತಂಗಿ ಶ್ರೀಪ್ರಿಯಾಳ ಗಂಡ, ಇವರ ಷಡ್ಡಕ. ಅದೇ ರಸ್ತೆಯ ಎದುರು ಕಟ್ಟಡದಲ್ಲಿ ಕೂತು ಡಾಲ್ಟನ್ನಿನ ಕಡುವೈರಿ ಕ್ರಾಫರ್ಡ್ ಕಂಪನಿಯ ಟ್ರಕ್ಕುಗಳಿಗೆ ಇದೇ ‘ಬೇಡ’ ಹೇಳುವ ಉದ್ಯೋಗ. ಹಬ್ಬ ಹುಣ್ಣಿಮೆಗೆ ಇಬ್ಬರೂ ಸೇರಿದರೆ ಮುಗಿಯಿತು. ಟೆಕ್ಸಾಸಿನ ರೈತ ಯಾವುದನ್ನು ನಂಬುತ್ತಾನೆ, ಯಾವುದರ ಗೇರ್‌ಬಾಕ್ಸು ಗಟ್ಟಿ ಎಂದು, ಎಲೆಯ ಮುಂದೆ ಕೂತು ಕುರುಕ್ಷೇತ್ರ ನಡೆಸುತ್ತಾರೆ. ಟೆಕ್ಸಾಸಿನ ರೈತನಿಗೆ ಈ ಇಬ್ಬರು ಪಂಚೆಯುಟ್ಟ ಬಂಟರ ವಿಷಯ ಗೊತ್ತಾದರೆ ಎತ್ತಿನ ಗಾಡಿ ಕೊಂಡಾನು. ಕ್ರಾಫರ್ಡ್ ಭಾರತದಲ್ಲಿ ಒಂದು ಕಾರನ್ನೂ ಮಾರಿಲ್ಲ. ಆದ್ದರಿಂದ ಸಂಜೀವ ಕಾರೇ ಕೊಂಡಿಲ್ಲ. ಬೇರೆ ಕಂಪನಿಯದನ್ನು ಮುಟ್ಟಿದರೆ ವ್ರತಭಂಗ. ಗಂಡ ಹೆಂಡತಿ ಕ್ರಾಫರ್ಡ್ ಕೀ ಚೈನು ಹಿಡಿದುಕೊಂಡು ಆಟೋದಲ್ಲಿ ಓಡಾಡುತ್ತಾರೆ.

ಇಂಥ ಸಂಜೀವ ನಮ್ಮ ಕಾರನ್ನು ಬದುಕಲು ಬಿಟ್ಟಾನೆಯೇ? ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಭಾನುವಾರ ಬಂದರು. ಶ್ರೀಪ್ರಿಯಾ ಯಾಕೋ ರೇಷ್ಮೆ ಸೀರೆ ಉಟ್ಟಿದ್ದಳು, ಬೇರೆಯವರ ಕಾರಿನ ತಿಥಿಗೆ ಬಂದವಳ ಹಾಗೆ. ಸಂಜೀವ ಬಾನೆಟ್ ಎತ್ತಿಸಿ ಒಳಗೆ ಇಣುಕಿ, ಮೂಗು ಹಿಡಿದು, “ಭಾವ, ಒಂದು ಸಲ ಓಡಿಸಿ ನೋಡೋಣ” ಎಂದ. ನಾಲ್ವರೂ ಹತ್ತಿದೆವು. ಪೋರೂರು ಕೆರೆಯ ಹತ್ತಿರದ ಸಿಗ್ನಲ್ಲಿನಲ್ಲಿ ಕಾರು ಒಮ್ಮೆ ಕೆಮ್ಮಿ ನಿಂತಿತು. ಇವರು ಕೀ ತಿರುಗಿಸಿದರು. ಕಾರು ಉತ್ತರ ಕೊಡಲಿಲ್ಲ. ಹಿಂದಿನಿಂದ ಚೆನ್ನೈ ನಗರವೇ ಹಾರ್ನ್ ಹೊಡೆಯಿತು.

“ಬ್ಯಾಟರಿ ಹೋಗಿದೆ, ಸ್ಟಾರ್ಟರ್ ಹೋಗ್ತಾ ಇದೆ, ಇಂಜಿನ್ ಹೋಗೋಕೆ ರೆಡಿಯಾಗಿದೆ” ಎಂದ ಸಂಜೀವ. “ಮರ್ಯಾದೆಯಾಗಿ ಮಾರಿಬಿಡಿ ಭಾವ. ನಾನು ಕ್ರಾಫರ್ಡಿನವನು ಅಂತ ಹೇಳ್ತಾ ಇಲ್ಲ.”

ಇವರು ಸ್ಟೇರಿಂಗನ್ನು ಒಮ್ಮೆ ಸವರಿದರು. ನಿಯಮ ನಿಯಮವೇ. “ಅಪೀಲ್ ಮಂಜೂರು” ಎಂದು ಸಣ್ಣ ದನಿಯಲ್ಲಿ ಹೇಳಿ, ನಮ್ಮ ಮೇಲಿನ ಮಹಡಿಯ ತಿರುಮಲನಿಗೆ ಫೋನ್ ಮಾಡಿದರು. ಹಳೆಯ ಕಾರುಗಳನ್ನು ಕೊಂಡು ಮಾರುವ ತಿರುಮಲ ನಮ್ಮದನ್ನು ಎಂದಿನಿಂದಲೋ ಕೇಳುತ್ತಿದ್ದ. ಸಂಜೆಯೇ ಬಂದು ಒಯ್ಯುತ್ತೇನೆ ಎಂದ. ನನಗೆ ಆ ಸಿಗ್ನಲ್ಲಿನ ನಡುವೆಯೇ ಕುಣಿಯುವಷ್ಟು ಸಂತೋಷವಾಯಿತು. ಮನಸ್ಸಿನಲ್ಲಿ ಆಗಲೇ ಹೊಸ ಕಾರಿಗೆ ನಿಂಬೆಹಣ್ಣು ಕಟ್ಟಿದ್ದೆ.

ಆದರೆ ಕಾರನ್ನು ಮನೆ ಮುಟ್ಟಿಸಬೇಕಲ್ಲ. ಇವರಿಗೆ ಬೆನ್ನುನೋವು, ಸ್ಟೇರಿಂಗಿನಲ್ಲಿ ಕೂತರು. ಶ್ರೀಪ್ರಿಯಾಗೆ ರೇಷ್ಮೆ ಸೀರೆ, ಹಿಂದಿನ ಸೀಟಿನಲ್ಲಿ ಕೂತಳು. ನಾನೂ ಸಂಜೀವನೂ ಇಳಿದು ಡಿಕ್ಕಿಗೆ ಕೈಯೊತ್ತಿ ತಳ್ಳತೊಡಗಿದೆವು. ಮೇಲೇರದ ಕಿಟಕಿಯಿಂದ ತಂಗಿ ತಲೆ ಹೊರಹಾಕಿದಳು.

“ಇಂಥ ಡಬ್ಬಾದಲ್ಲಿ ಇಷ್ಟು ವರ್ಷ ಹೇಗೆ ಕೂತೆಯೋ ಅಕ್ಕಾ. ಥೂ.”

ನಿಜವನ್ನೇ ಹೇಳಿದಳು. ನಾನೂ ದಿನಾ ಹೇಳುವ ಮಾತೇ ಅದು. ಆದರೂ ಅವಳ ಬಾಯಲ್ಲಿ ಕೇಳಿದಾಗ ಎಲ್ಲೋ ಚುರುಕ್ಕೆಂದಿತು. ಹಲ್ಲು ಕಚ್ಚಿ ತಳ್ಳಿದೆ.

“ನಮ್ಮ ಕ್ರಾಫರ್ಡ್ ನೋಡು, ಒಂದು ದಿನಾನೂ ತೊಂದರೆ ಕೊಟ್ಟಿಲ್ಲ.”

ಇನ್ನೂ ಬಲವಾಗಿ ತಳ್ಳಿದೆ.

“ಭಾವಂಗೆ ಆರಿಸೋಕೇ ಬರಲ್ಲ ಅಕ್ಕಾ. ಅವರು ಆರಿಸಿ ಮನೆಗೆ ತಂದಿದ್ರಲ್ಲಿ ಒಂದಾದ್ರೂ ನೆಟ್ಟಗಿರೋದು ತೋರಿಸು.”

(ಅವರು ಆರಿಸಿ ಮನೆಗೆ ತಂದದ್ದರಲ್ಲಿ ನಾನೂ ಒಬ್ಬಳು. ಅವಳಿಗೆ ಅದು ಹೊಳೆದಿರಲಿಕ್ಕಿಲ್ಲ. ನನಗೆ ಹೊಳೆಯಿತು.)

“ಏನೇ ಅಂದೆ?” ಎಂದೆ. ಕೈ ಡಿಕ್ಕಿಯ ಮೇಲೆಯೇ ಇತ್ತು, ಕಾಲುಗಳು ತಳ್ಳುತ್ತಲೇ ಇದ್ದವು. “ನಿಮ್ಮ ಕ್ರಾಫರ್ಡ್ ತೊಂದರೆ ಕೊಟ್ಟಿಲ್ವಾ? ಬಂದಿದ್ರೆ ತಾನೇ ಕೊಡೋಕೆ. ನಮ್ಮನೇಲಿ ಕೆಡೋಕಾದ್ರೂ ಒಂದು ಕಾರಿದೆ. ನಿಮ್ಮನೇಲಿ ಇರೋದು ಕೀ ಚೈನು. ಹೋದ ವರ್ಷ ಕ್ರಾಫರ್ಡ್‌ನೋರು ಗೇರ್‌ಬಾಕ್ಸ್ ಸರಿಯಿಲ್ಲ ಅಂತ ಎಷ್ಟು ಟ್ರಕ್ ವಾಪಸ್ ಕರೆಸಿಕೊಂಡ್ರು, ನಿನ್ನ ಗಂಡನ್ನ ಕೇಳು. ಚಳಿಗಾಲದಲ್ಲಿ ಅದರ ಡೀಸೆಲ್ ಪಂಪ್ ಏನಾಗುತ್ತೆ, ಅದೂ ಕೇಳು. ಡಾಲ್ಟನ್ ಚಾಸಿ ತುಕ್ಕು ಹಿಡಿದ ಒಂದೇ ಒಂದು ಕೇಸ್ ತೋರಿಸು ನೋಡೋಣ.”

ಇವೆಲ್ಲ ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಅಷ್ಟು ವರ್ಷ ಊಟದ ಹೊತ್ತಿನಲ್ಲಿ ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟೆ ಅಂದುಕೊಂಡಿದ್ದೆಲ್ಲ ಒಳಗೇ ಉಳಿದಿತ್ತು. ಸಂಜೀವ ತಳ್ಳುವುದನ್ನು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಕಾರನ್ನು ಈಗ ನಾನೊಬ್ಬಳೇ ತಳ್ಳುತ್ತಿದ್ದೆ, ಅದೂ ಓಡುತ್ತ.

“ನಾನಿರೋವರೆಗೂ ಈ ಕಾರು ನಮ್ಮನೆ ಬಿಟ್ಟು ಹೋಗಲ್ಲ, ತಿಳ್ಕೋ.”

ಅಷ್ಟರಲ್ಲಿ ಇವರು ಕ್ಲಚ್ ಬಿಟ್ಟಿರಬೇಕು. ಕಾರು ಒಮ್ಮೆ ಜಿಗಿದು, ಹೊಗೆಯನ್ನೆಲ್ಲ ನನ್ನ ಮುಖಕ್ಕೆ ಉಗುಳಿ, ಗುರ್ರೆಂದು ಜೀವ ಹಿಡಿಯಿತು. ಸ್ವಲ್ಪ ಮುಂದೆ ಹೋಗಿ ನಿಂತಿತು. ಇಂಜಿನ್ ಆರಿಸದೆ ಇವರು ಇಳಿದು ಬಂದರು. ಮದುವೆಯಾದ ಮೇಲೆ ಇವರ ಕಣ್ಣು ನನ್ನನ್ನು ನೋಡಿ ಒದ್ದೆಯಾದದ್ದು ಅದೇ ಮೊದಲು.

“ಲಕ್ಷ್ಮೀ, ಇಷ್ಟು ದಿನ ನಿನ್ನನ್ನ ನಾನು ತಪ್ಪು ತಿಳ್ಕೊಂಡಿದ್ದೆ ಕಣೇ” ಎಂದರು. ಮೂಗೊರೆಸಿಕೊಳ್ಳುತ್ತಲೇ ಫೋನ್ ತೆಗೆದರು. “ತಿರುಮಲ, ಕ್ಷಮಿಸಬೇಕು. ಕಾರು ಕೊಡೋಕಾಗಲ್ಲ. ಅಯ್ಯೋ, ನನ್ನದೇನೂ ತಕರಾರಿಲ್ಲ ಕಣಪ್ಪ, ನಾನು ಒಪ್ಪಿದ್ದೆ. ನಮ್ಮ ಮನೆಯವರೇ ಬಿಡ್ತಾ ಇಲ್ಲ.”

ತಿರುಮಲ ಅತ್ತಲಿಂದ ಏನೋ ಹೇಳಿದ. ಇವರು ಫೋನನ್ನು ನನ್ನತ್ತ ಚಾಚಿದರು.

“ನಂಬ್ತಾ ಇಲ್ಲ ಅವನು. ಮಾರಿಸಿ ಕೊಡ್ತೀನಿ ಅಂತ ನೀನೇ ಅವನಿಗೆ ಎಷ್ಟೋ ಸಲ ಹೇಳಿದ್ದೆಯಂತೆ. ನಿನ್ನ ಬಾಯಿಂದಲೇ ಕೇಳಬೇಕಂತೆ.”

ಫೋನ್ ತೆಗೆದುಕೊಂಡೆ. ಒಂದೇ ಒಂದು ಮಾತು ಸಾಕಿತ್ತು. ‘ಸಿಟ್ಟಲ್ಲಿ ಅಂದೆ ತಿರುಮಲ, ಸಂಜೆ ಬಂದು ತಗೊಂಡು ಹೋಗಿ’ ಎನ್ನುವುದು ನಾಲಗೆಯ ತುದಿಯಲ್ಲೇ ಇತ್ತು. ಕಿಟಕಿಯಿಂದ ಶ್ರೀಪ್ರಿಯಾ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

“ಹೌದು ತಿರುಮಲ” ಎಂದೆ, ಅವಳಿಗೂ ಕೇಳುವಷ್ಟು ಜೋರಾಗಿ. “ಡಾಲ್ಟನ್ ಕೊಡೋ ಮಾತೇ ಇಲ್ಲ.”