ಯಾರು ಬೇಕಾದರೂ, ಏನು ಬೇಕಾದರೂ

"ಸುತ್ತಿಗೆ ಹಿಡಿದ ವಂಶ ಕಣೇ ನಮ್ದು! ಆರೇ ತಿಂಗಳು, ಊರಿನ ಅಡುಗೆಮನೆಗಳೆಲ್ಲ ನನ್ನ ಚಾಕುವಿಗೆ ಶರಣು!" ಎಂದು ನಿವೃತ್ತ ಹೆಡ್‌ಕ್ಲರ್ಕರು ಘೋಷಿಸಿದರು. ಹೆಂಡತಿ ತಲೆ ಎತ್ತದೆ, "ಮೂವತ್ತು ವರ್ಷ ಪೆನ್ಸಿಲನ್ನೂ ಜವಾನನ ಕೈಲೇ ಚೂಪು ಮಾಡಿಸಿದೋರು" ಅಂದಳು.

ಆದರೂ ಹಿತ್ತಲ ಶೆಡ್ಡಿನಲ್ಲಿ ಅಪ್ಪನ ಹಳೆಯ ಕುಲುಮೆಯ ತಿದಿ ಮತ್ತೆ ಉಸಿರಾಡಿತು. ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆಡ್‌ಕ್ಲರ್ಕರು ಎಂಟು ವರ್ಷದವರಾಗಿಬಿಟ್ಟರು. ಕಿಡಿ ಹಾರಿ ತೂತುಬಿದ್ದ ಅಪ್ಪನ ಅಂಗಿ, ನೀರಲ್ಲಿ ಅದ್ದಿದ ಉಕ್ಕಿನ ಚುಂಯ್ ಸದ್ದು, ಎಲ್ಲ ನೆನಪಾಗಿ ಕಣ್ಣು ಒದ್ದೆಯಾಯಿತು. (ಹೊಗೆಯಿಂದ ಎಂದಳು ಹೆಂಡತಿ.) ಹನ್ನೊಂದು ಸೊಟ್ಟ ಚಾಕುಗಳ ತರುವಾಯ ಒಂದು ನೆಟ್ಟಗೆ ಬಂತು. ಅದಕ್ಕೆ ಅಪ್ಪನದೇ ನಕ್ಷತ್ರದ ಅಚ್ಚು ಒತ್ತಿ, ಡಬ್ಬಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಯಾರು ಬೇಕಾದರೂ ಏನು ಬೇಕಾದರೂ ಕತ್ತರಿಸಬಹುದು. ಜೀವಮಾನದ ಭರವಸೆ!"

ಪಕ್ಕದ ಬೀದಿಯ ಟೈಲರಮ್ಮ ಕೊಂಡುಹೋದರು. ನಾಲ್ಕನೆಯ ದಿನ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದರು. ಊರಿನ ಬಟ್ಟೆಗೆಲ್ಲ ಹೊಲಿಗೆ ಹಾಕುವವರಿಗೇ ಡಾಕ್ಟರು ಮೂರು ಹೊಲಿಗೆ ಹಾಕಿದ್ದರು!

"ಏನು ಹೆಚ್ಚೋಕೆ ಹೋದ್ರಿ ತಾಯಿ?"

"ಎಣ್ಣೆ ಡಬ್ಬದ ತಗಡು. ಹಿಡಿ ಜಾರ್ತು."

"ಅಯ್ಯೋ, ಚಾಕುವಲ್ಲಿ ತಗಡು ಕತ್ತರಿಸ್ತಾರಾ?"

"ಏನು ಬೇಕಾದ್ರೂ ಅಂತ ಬರೆದಿದ್ದು ನಾನಾ? ಹದಿನೈದು ದಿನ ನನ್ನ ಮಷೀನು ಬಂದ್. ಗ್ರಾಹಕರ ಕೋರ್ಟಲ್ಲಿ ಸಿಗೋಣ."

ಹೆಡ್‌ಕ್ಲರ್ಕರ ಅಕ್ಕನ ಗಂಡ ವಕೀಲರು. ಡಬ್ಬಿ ಓದಿ ಹಣೆ ಚಚ್ಚಿಕೊಂಡರು. "ಏನಯ್ಯ ಭಾಮೈದ, 'ಯಾರು ಬೇಕಾದರೂ' ಅಂದ್ಮೇಲೆ ಆಯಮ್ಮನೂ ಬಂದ್ರು. 'ಏನು ಬೇಕಾದರೂ' ಅಂದ್ಮೇಲೆ ತಗಡೂ ಬಂತು, ಬೆರಳೂ ಬಂತು! ಇಂಥದ್ದಕ್ಕೆ ಬಳಸಬೇಡಿ ಅಂತ ಒಂದು ಸಾಲು ಬರೆದ್ಯಾ? ಇನ್ಶೂರೆನ್ಸ್ ಮಾಡಿಸಿದ್ಯಾ? ಕೇಸು ಬಿದ್ರೆ ನೀನು ಕೂತಿರೋ ಕುರ್ಚೀನೂ ಜಪ್ತಿ!"

ಹೆಡ್‌ಕ್ಲರ್ಕರು ತಟ್ಟನೆ ಕುರ್ಚಿಯಿಂದೆದ್ದರು. ಕುರ್ಚಿ ಹಾಳಾಗಲಿ, ಅಪ್ಪನ ನಕ್ಷತ್ರ ಕಳ್ಳಮಾಲಿನ ಹಾಗೆ ಚೀಟಿ ಕಟ್ಟಿಸಿಕೊಂಡು ಕೋರ್ಟಿನ ಮೇಜಿನ ಮೇಲೆ ಮಲಗುವುದೇ? ಹೆಂಡತಿಯನ್ನು ಮುಂದೆ ಮಾಡಿಕೊಂಡು ಕ್ಷಮೆ ಕೇಳಲು ಓಡಿದರು.

ಟೈಲರಮ್ಮ ಅಡುಗೆಮನೆಯಿಂದ ಒಂದು ಹಳೆಯ ಚಾಕು ತಂದಿಟ್ಟರು. ಸವೆದು ಸವೆದು ಬೆರಳಗಲವಾಗಿತ್ತು; ನಕ್ಷತ್ರ ಮಾತ್ರ ಹಾಗೇ ಇತ್ತು.

"ನಮ್ಮಮ್ಮಂದು. ನಿಮ್ಮಪ್ಪ ಕೊಟ್ಟಿದ್ದು. ನಲವತ್ತು ವರ್ಷ, ಕೈಗೆ ಒಂದು ಗೀರಿಲ್ಲ. ಅಂಗಡಿ ಮುಂದೆ ಅಮ್ಮನ್ನ ಕೂರಿಸಿ, ಒಂದು ಸೌತೆಕಾಯಿ ಹೆಚ್ಚಿಸಿ, ಕೈ ಹೋಗೋ ರೀತಿ ನೋಡಿ, ಹಿಡಿ ತಿದ್ದಿ ಆಮೇಲೇ ಕೊಟ್ಟರಂತೆ."

ಹೌದಲ್ಲ! ಅಪ್ಪನ ಪಕ್ಕ ಸದಾ ಒಂದು ಬುಟ್ಟಿ ಸೌತೆಕಾಯಿ ಇರುತ್ತಿತ್ತು. ಅಪ್ಪ ಗಿರಾಕಿಯ ಕೈ ನೋಡುತ್ತಿದ್ದಾಗ ಮಗನ ಕಣ್ಣೆಲ್ಲ ಹೋಳಿನ ಮೇಲೆ. ಸೌತೆಕಾಯಿ ಹೊಟ್ಟೆಗೆ ಹೋಯಿತು, ವಿದ್ಯೆ ಗಾಳಿಗೆ ಹೋಯಿತು!

"ಕೈ ನೋಡದೆ ಕೊಟ್ಟೆ. ತಪ್ಪು ನಂದೇ ಅಮ್ಮ" ಎಂದರು ಕೈಮುಗಿದು. "ಹಿಡಿ ತಿದ್ದಿಕೊಡ್ತೀನಿ."

ಟೈಲರಮ್ಮ ಕರಗಿದರು. "ಹೋಗ್ಲಿ, ಕೇಸು ಬೇಡ. ಎಲ್ಲಿ, ಮೊದಲು ನಿಮ್ಮ ಕೈ ನೋಡೋಣ" ಎಂದು ಅದೇ ಹಳೆಯ ಚಾಕುವಿನ ಜೊತೆ ಸೌತೆಕಾಯಿಯೊಂದನ್ನು ಮುಂದಿಟ್ಟರು.

ಹೆಡ್‌ಕ್ಲರ್ಕರು ಅಂಗಿಯ ತೋಳು ಮಡಚಿ ಕೂತರು. ಮೊದಲ ಹೋಳು ಮಣೆಯಷ್ಟು ದಪ್ಪ. ಎರಡನೆಯದು ಹಾರಿ ಹೊಲಿಗೆ ಮಷೀನಿನ ಕೆಳಗೆ ಸೇರಿತು. ಮೂರನೆಯದು... "ಅಮ್ಮಾ!"

ಹೆಂಡತಿ ಸೆರಗಿನಿಂದ ಬೆರಳು ಒತ್ತಿ ಹಿಡಿದಳು. ಟೈಲರಮ್ಮ ಚಾಕುವನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

"ನಿಮ್ಮಪ್ಪ ಆಗಿದ್ರೆ ನಿಮಗೆ ಚಾಕು ಮಾರ್ತಾನೇ ಇರಲಿಲ್ಲ!"