ಮಡಗಾಸ್ಕರದಲ್ಲಿ ಉಲ್ಟಾ ತಿರುಗಿದ ಪೀಣ್ಯದ ಮಷೀನು

ಪೀಣ್ಯದಲ್ಲಿ ನನ್ನಂಥ ಫಿಟ್ಟರ್ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳ್ತಿಲ್ಲ. ಆದರೂ ನಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಸಮುದ್ರ ದಾಟಿದರೂ ಬಿಡಲಿಲ್ಲ.

ನಮ್ಮ ಫ್ಯಾಕ್ಟರಿಯ ಅಕ್ಕಿ ಗಿರಣಿ ಮಷೀನೊಂದು ಮಡಗಾಸ್ಕರ್ ದ್ವೀಪಕ್ಕೆ ಮಾರಾಟವಾಯ್ತು. ಕೂರಿಸೋಕೆ ಹೊರಟವನು ನಾನು.

"ಮೊದಲ ಸ್ವಿಚ್ಚಿಗೇ ಸರಿಯಾಗಿ ಓಡಿದರೆ ಇನ್ಮೇಲೆ ಫಾರಿನ್ ಕೆಲಸವೆಲ್ಲ ನಿಂದೇ ಕಣೋ. ಇಲ್ಲಾಂದ್ರೆ ಇಲ್ಲೇ ನಟ್ಟು ಟೈಟ್ ಮಾಡ್ಕೊಂಡಿರು" ಅಂದರು ಓನರ್.

"ಬಿಡಿ ಸಾರ್, ಕಣ್ಣು ಮುಚ್ಕೊಂಡು ಓಡಿಸ್ತೀನಿ."

ಟ್ಯಾಕ್ಸಿ

ರಾಜಧಾನಿ ಅಂಟನಾನರಿವೊ ಅಂದರೆ ಗಿಜಿಗುಡೋ ನಮ್ಮ ಜಾಲಹಳ್ಳಿ ಕ್ರಾಸನ್ನು ಎತ್ತಿ ಬೆಟ್ಟದ ಮೇಲಿಟ್ಟಂಗೆ. ಟ್ಯಾಕ್ಸಿ ನಮ್ಮಪ್ಪನಿಗಿಂತ ಹಳೇದು. ಪೆಟ್ರೋಲು ಡ್ರೈವರ್ ಕಾಲ ಹತ್ತಿರ ನೀರಿನ ಬಾಟಲಿಯಲ್ಲಿ! ಇಳಿಜಾರು ಬಂದರೆ ಅವನು ಇಂಜಿನ್ ಆಫ್ ಮಾಡ್ತಿದ್ದ. ಏರು ಬಂದಾಗ ಅದಾಗದೇ ಆಫ್ ಆಯ್ತು. ಹೊಸ ಕೋಟಿನಲ್ಲೇ ಇಳಿದು ತಳ್ಳಿದೆ. ನೆತ್ತಿ ಮುಟ್ಟುತ್ತಲೇ ಗಾಡಿ ಆ ಕಡೆ ಇಳಿಜಾರಲ್ಲಿ ಜಾರಿ ಹೋಗೇಬಿಟ್ಟಿತು. ಓಡಿ ಓಡಿ ಕೆಳಗೆ ಬಂದರೆ, ಡ್ರೈವರ್ ಹಾರ್ನ್ ಹೊಡೀತಿದ್ದ, ನಾನು ಲೇಟು ಅಂತ.

ಬಟ್ಟಲು

ಗಿರಣಿ ಮಾಲೀಕನ ಮನೆಯಲ್ಲಿ ಊಟ, ಅವನ ಹರಕು ಇಂಗ್ಲಿಷಲ್ಲೇ ನಮ್ಮೆಲ್ಲರ ಮಾತು. ಅಲ್ಲಿ ಅವನ ವಯಸ್ಸಾದ ಅಮ್ಮ ಹೇಳಿದ್ದೇ ನಡೆಯೋದು, ನನಗೆ ಅವರು ಅಜ್ಜಿ. ಮೂರು ಹೊತ್ತೂ ಅನ್ನವೇ. ಮುದ್ದೆ ನುಂಗಿ ಬೆಳೆದವನಿಗೆ ಅದ್ಯಾವ ಲೆಕ್ಕ, ಗುಡ್ಡೆ ಕರಗಿಸಿದೆ. ಕೊನೆಗೆ ಬಟ್ಟಲಲ್ಲಿ ಕಂದು ಬಣ್ಣದ ಬಿಸಿನೀರು ಬಂತು. ಐದೂ ಬೆರಳು ಅದ್ದಿ ತೊಳೆದುಕೊಂಡೆ. ಎದುರಿಗೆ ಅಜ್ಜಿ ತಮ್ಮ ಬಟ್ಟಲೆತ್ತಿ ಕುಡಿದರು! ತಳ ಹಿಡಿದ ಅನ್ನಕ್ಕೆ ನೀರು ಹಾಕಿ ಕುದಿಸಿದ್ದಂತೆ ಅದು.

ತಪ್ಪೊಪ್ಪೋದು ನಮ್ಮ ವಂಶದಲ್ಲೇ ಇಲ್ಲ. "ನಮ್ಮ ಕಡೆ ಬೆರಳದ್ದಿ ಮರ್ಯಾದೆ ಕೊಟ್ಟೇ ಕುಡಿಯೋದು" ಅಂತ ಗಟಗಟ ಕುಡಿದೆ.

ಮಾರನೇ ದಿನ ಮನೆಮಂದಿಯೆಲ್ಲ ಬೆರಳದ್ದಿಯೇ ಕುಡಿದರು. ಅತಿಥಿಗೆ ಜಾಸ್ತಿ ಮರ್ಯಾದೆ ಅಂತ ಅಜ್ಜಿ ನನ್ನ ಬಟ್ಟಲಿಗೇ ಅದ್ದಿದರು.

ಸ್ವಿಚ್ಚು

ಮಷೀನಿಗೆ ಕುಂಕುಮ ಇಟ್ಟು, ಕಾಯಿ ಒಡೆದು, ಓನರಿಗೆ ವಿಡಿಯೊ ಕಾಲ್ ಮಾಡಿ ಸ್ವಿಚ್ಚು ಒತ್ತಿದೆ. ಬೆಲ್ಟಿನ ಮೇಲಿನ ಭತ್ತ ಒಳಗೆ ಹೋಗೋ ಬದಲು ವಾಪಸ್ ಬಂದು ಅಜ್ಜಿ ಕಾಲ ಮೇಲೆ ಸುರೀತು.

"ಏನೋ ಅದು?" ಅಂದರು ಓನರ್ ಫೋನಲ್ಲಿ.

"ಟ್ರಯಲ್ ಸಾರ್!" ಅಂದು ಕಾಲ್ ಕಟ್ ಮಾಡಿದೆ.

ಮೂರು ಫೇಸಿನ ಮೋಟಾರು ಉಲ್ಟಾ ತಿರುಗಿದರೆ ಎರಡು ವೈರು ಅದಲುಬದಲು ಮಾಡಿದರೆ ಸಾಕು. ಆದರೆ ಎಲ್ಲರೆದುರು ಮಾಡಿದರೆ ಮರ್ಯಾದೆ?

ಅಜ್ಜಿಯೇ ಕಾಪಾಡಿದರು. "ನಿಮ್ಮ ದೇವರಿಗೆ ಕಾಯಿ ಆಯ್ತು. ತೀರಿಹೋದ ನಮ್ಮ ಹಿರಿಯರಿಗೆ?" ಅಂದವರೇ ಕರೆಂಟ್ ತೆಗೆಸಿ, ಹಿರಿಯರ ಜಾಗವಂತೆ, ಈಶಾನ್ಯ ಮೂಲೆಗೆ ಒಂದು ಗ್ಲಾಸ್ ರಮ್ ಸುರಿದು ಕಣ್ಣು ಮುಚ್ಚಿದರು. ಎಲ್ಲರೂ ಮುಚ್ಚಿದರು. ನಾನು ಮೆಲ್ಲಗೆ ಮೋಟಾರಿನ ವೈರು ಬದಲಿಸಿದೆ.

ಸ್ವಿಚ್ಚು ಒತ್ತಿದರೆ, ಮತ್ತೆ ಉಲ್ಟಾ!

"ಹಿರಿಯರಿಗೆ ಸಾಲಲಿಲ್ಲ" ಅಂತ ಅಜ್ಜಿ ಎರಡನೇ ಗ್ಲಾಸು ತುಂಬಿದರು.

ಈ ಸಲ ಬಗ್ಗಿಕೊಂಡು ಮೇನ್ ಬೋರ್ಡಿನ ಹತ್ತಿರ ಹೋದೆ. ಅಲ್ಲಿಂದ ಮಷೀನಿಗೆ ಕೇಬಲ್ ಎಳೆದಿದ್ದ ಗಿರಣಿಯ ಎಲೆಕ್ಟ್ರಿಷಿಯನ್ ಮುಚ್ಚಳ ತೆಗೆದು ನಿಂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್. ನನ್ನ ಕೈಯಲ್ಲೂ ಸ್ಕ್ರೂಡ್ರೈವರ್. ಹೋದ ಸಲ ಕಣ್ಣು ಮುಚ್ಚದೆ ಇದ್ದವರು ಇಬ್ಬರು! ನಾನು ಮೋಟಾರಲ್ಲಿ ಬದಲಿಸಿದ್ದನ್ನು ಅವನು ಬೋರ್ಡಲ್ಲಿ ಬದಲಿಸಿ ಮತ್ತೆ ಮೊದಲಿನಂಗೇ ಮಾಡಿದ್ದ. ನಾನು ಸ್ಕ್ರೂಡ್ರೈವರ್ ಜೇಬಿಗಿಟ್ಟು ಕೈ ಮುಗಿದೆ. ಅವನೊಬ್ಬನೇ ಬದಲಿಸಿದ.

ಮಷೀನು ಓಡಿತು. ಅಜ್ಜಿ ಮೂಲೆಗೆ ನಮಸ್ಕರಿಸಿದರು. ಮಾಲೀಕ ಖುಷಿಯಲ್ಲಿ ಪೀಣ್ಯಕ್ಕೇ ಫೋನ್ ಮಾಡಿ, ಓಡಿಸಿದ್ದು ಎರಡನೇ ಗ್ಲಾಸು ರಮ್ಮು ಅಂತ ಹೇಳಿಬಿಟ್ಟ.

"ಇನ್ನೊಂದು ಮಷೀನು ಬೇಕಂತೆ ಕಣೋ" ಅಂದರು ಓನರ್. "ಈ ಸಲ ನಿನ್ನ ಬದಲು ಎರಡು ಬಾಟ್ಲಿ ರಮ್ ಕಳಿಸ್ತೀನಿ."

ನಿಜ ಹೇಳೋಣ ಅಂದರೆ ತಪ್ಪೊಪ್ಪಬೇಕು. ಈಗ ಪೀಣ್ಯದಲ್ಲೇ ನಟ್ಟು ಟೈಟ್ ಮಾಡ್ತಿದ್ದೀನಿ. ನನ್ನಷ್ಟು ಟೈಟಾಗಿ ಮಾಡೋನು ಇನ್ನೊಬ್ಬನಿಲ್ಲ.