ಅತ್ತೆಯ ಫೋನಿಗೆ ಜಾಗ ಮಾಡಿದ್ದು

ನನ್ನ ಗಂಡನ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನೆಟ್ಟಗೆ ಅಳೋಕೂ ಆಗಲ್ಲ. ಮಧ್ಯೆ ಏನಾದರೊಂದು ಆಗಿ ನಗು ತಡೆಯೋಕೆ ಸೆರಗು ಬಾಯಿಗೆ ತುರುಕಿಕೊಳ್ಳೋ ಹಾಗಾಗುತ್ತೆ. ಮಾವನವರ ಅಣ್ಣ ಹೋದಾಗ ಸ್ಮಶಾನದ ಹಳೇ ದಾರಿಗೆ ಅಡ್ಡಲಾಗಿ ಯಾವುದೋ ಗೋಡೌನಿನ ಗೇಟು ಬಂದುಬಿಟ್ಟಿತ್ತು. ಹೊಸದಾಗಿ ಸೇರಿದ್ದ ಕಾವಲುಗಾರ ಚಟ್ಟ ಹೊತ್ತವರನ್ನ ನಿಲ್ಲಿಸಿ, ಒಳಗೆ ಹೋಗೋರೆಷ್ಟು ಜನ, ವಾಪಸ್ ಬರೋರೆಷ್ಟು ಜನ ಅಂತ ಕೇಳಿ ರಿಜಿಸ್ಟರಲ್ಲಿ ಬರೆದುಕೊಂಡ.

ನಮ್ಮತ್ತೆ ಹೋದಾಗಲೂ ಅಷ್ಟೇ. ನೆಲಮಂಗಲದಿಂದ ಒಳಗೆ ನಾಲ್ಕೈದು ಕಿಲೋಮೀಟರ್ ನಮ್ಮೂರು. ನಾನು ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ ಸ್ಟಾಕ್ ಬರೆಯೋ ಕೆಲಸ ಮಾಡ್ತೀನಿ. ಅತ್ತೆ ಕಲ್ಲಿನ ಹಾಗಿದ್ದ ಹೆಂಗಸು. ಒಂದು ಬುಧವಾರ ಎದೆ ಉರಿ ಅಂದರು, ಸೋಡಾ ತರಿಸಿ ಕುಡಿದರು. ಗುರುವಾರ ಆಸ್ಪತ್ರೆಗೆ ಸೇರಿಸಿದೆವು. ಶನಿವಾರ ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಮನೆಗೆ ಕರೆತಂದೆವು, ಮುಖಕ್ಕೆ ಬಟ್ಟೆ ಹೊದಿಸಿ.

ಇಬ್ಬರಿಗೂ ಸ್ನಾನ

ಅತ್ತೆ ಫೋನನ್ನ ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರೋರು. ಆಸ್ಪತ್ರೆಯವರು ಕೊಟ್ಟ ಬಟ್ಟೆಗಂಟಿನಲ್ಲಿ ಅದೂ ಇತ್ತು. ಹೆಣಕ್ಕೆ ಸ್ನಾನ ಮಾಡಿಸುವಾಗ ಯಾರೋ ಆ ಗಂಟನ್ನ ಬಚ್ಚಲ ಕಲ್ಲಿನ ಮೇಲಿಟ್ಟಿದ್ದಾರೆ, ಇನ್ಯಾರೋ ಅದರ ಮೇಲೆ ಹಂಡೆ ನೀರು ಸುರಿದಿದ್ದಾರೆ. ಅತ್ತೆಗೆ ಎಷ್ಟು ನೀರು ಬಿತ್ತೋ ಫೋನಿಗೂ ಅಷ್ಟೇ ಬಿತ್ತು.

ಹನ್ನೊಂದನೇ ದಿನದ ತಿಥಿಗೆ ದೊಡ್ಡ ಫೋಟೋ ಬೇಕು ಅಂದಾಗಲೇ ನಮಗೆ ಫೋನಿನ ನೆನಪಾಗಿದ್ದು. ಅತ್ತೆಯ ಒಳ್ಳೆಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ನನ್ನ ಗಂಡ ಅದನ್ನ ನೆಲಮಂಗಲದ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ತಗೊಂಡು ಹೋದರು. ಅಂಗಡಿಯವನು ಹಿಂಬದಿ ಬಿಚ್ಚಿ ನೋಡಿ, ಎಷ್ಟು ದಿನ ಆಯ್ತು ಅಂದ. ಇವರು ಆರು ದಿನ ಅಂದರು.

"ಮೊದಲನೇ ದಿನವೇ ತಂದಿದ್ರೆ ಉಳಿಸಬಹುದಿತ್ತು ಸಾರ್. ಎಲ್ರೂ ಲೇಟ್ ಮಾಡ್ಕೊಂಡೇ ಬರ್ತೀರ."

ಆಸ್ಪತ್ರೆಯಲ್ಲೂ ಡಾಕ್ಟರು ಅಕ್ಷರಶಃ ಇದನ್ನೇ ಹೇಳಿದ್ದರು. ಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕದೆ ಎಲ್ಲ ಶಾಸ್ತ್ರ ಮಾಡಿದ್ದ ನನ್ನ ಗಂಡ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಸ್ಸು ಕಾಯ್ತಿದ್ದವರೆಲ್ಲ ತಿರುಗಿ ನೋಡೋ ಹಾಗೆ ಗೊಳೋ ಅಂತ ಅತ್ತುಬಿಟ್ಟರಂತೆ. ಅಂಗಡಿಯವನು ಹೆದರಿ ನೀರು ಕೊಟ್ಟು ಬೆನ್ನು ಸವರಿ, ಸಮಾಧಾನಕ್ಕೆ ಅಂತ ಹೇಳಿದನಂತೆ: "ಅಷ್ಟೊಂದು ಹಚ್ಕೋಬೇಡಿ ಸಾರ್. ಇದಕ್ಕಿಂತ ಒಳ್ಳೇದು ಎಕ್ಸ್‌ಚೇಂಜಲ್ಲಿ ಕೊಡಿಸ್ತೀನಿ."

ಮುಂದೆ ಹೋಗಿ, ಮುಂದೆ ಹೋಗಿ

ಆವತ್ತೇ ಸಾಯಂಕಾಲ ನನಗೆ ಇನ್ನೊಂದು ನೆನಪಾಯಿತು. ಆರು ತಿಂಗಳ ಹಿಂದೆ ಅತ್ತೆಯ ಫೋನು ಸತಾಯಿಸ್ತಿದೆ ಅಂತ, ಅದರಲ್ಲಿದ್ದುದನ್ನೆಲ್ಲ ನನ್ನ ಹಳೇ ಲ್ಯಾಪ್‌ಟಾಪಿಗೆ ಬ್ಯಾಕಪ್ ತೆಗೆದಿಟ್ಟಿದ್ದೆ. ಅದೇ ಕಂಪನಿಯ ಹಳೇ ಫೋನೊಂದು ನನ್ನ ಗಂಡನ ಬೀರುವಿನಲ್ಲಿ ಬಿದ್ದಿತ್ತು. ಬ್ಯಾಕಪ್ಪನ್ನ ಅದಕ್ಕೆ ಇಳಿಸಿದರೆ ಅತ್ತೆಯ ಫೋನು ಹೇಗಿತ್ತೋ ಹಾಗೇ ವಾಪಸ್ ಬರುತ್ತೆ.

ಮಾವನವರಿಗೆ ಹೇಳಿದಾಗ ಅವರು ಫೋಟೋ ವಿಷಯ ಕೇಳಲಿಲ್ಲ. ಅವಳ ಮಾತು ಏನಾದ್ರೂ ಇರ್ತದಾ ಅಂತ ಕೇಳಿದರು. ಇರಬಹುದು ಅಂದೆ. ಆಮೇಲೆ ಅವರು ನನ್ನ ಪಕ್ಕದ ಕುರ್ಚಿ ಬಿಟ್ಟು ಕದಲಲಿಲ್ಲ.

ಲ್ಯಾಪ್‌ಟಾಪಿಗೆ ಫೋನು ಸಿಕ್ಕಿಸಿ ಶುರು ಮಾಡಿದ ಕೂಡಲೇ ಪರದೆ ಮೇಲೆ ಬಂತು, ಕಂಪ್ಯೂಟರಿನಲ್ಲಿ ಸಾಕಷ್ಟು ಜಾಗ ಇಲ್ಲ ಅಂತ. ಬ್ಯಾಕಪ್ ಒಳಗೇ ಇದೆ, ಆದರೆ ಅದನ್ನ ಬಿಚ್ಚಿ ಹರಡಿ ಫೋನಿಗೆ ತುಂಬೋದಕ್ಕೆ ಇನ್ನೂ ಅಷ್ಟೇ ಖಾಲಿ ಜಾಗ ಬೇಕಂತೆ. ಮಾವನವರು ಏನಾಯ್ತಮ್ಮ ಅಂದರು. ಜಾಗ ಇಲ್ಲ ಮಾವ, ಫುಲ್ ಆಗಿದೆ ಅಂದೆ.

ಮಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ತುಮಕೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಬಾಗಿಲಿಗೆ ಜೋತುಬಿದ್ದ ಜನರನ್ನೂ ಒಳಗೆ ತೂರಿಸಿದವರು. ಅವರು ನನ್ನನ್ನ ಕೆಲಸ ಗೊತ್ತಿಲ್ಲದೋರನ್ನ ನೋಡೋ ಹಾಗೆ ನೋಡಿದರು.

"ಫುಲ್ ಅನ್ನೋದು ಡ್ರೈವರ್ ಮಾತು ಕಣಮ್ಮ. ನಡುವೆ ನಿಂತಿರೋರಿಗೆ ಸ್ವಲ್ಪ ಮುಂದೆ ಹೋಗೋಕೆ ಹೇಳು."

ಡಬ್ಬ

ನಡುವೆ ನಿಂತಿದ್ದವರು ಯಾರು ಅಂತ ನೋಡಿದೆವು. ನನ್ನ ಗೋಡೌನಿನ ಹಳೇ ಸ್ಟಾಕ್ ಪಟ್ಟಿಗಳು, ನನ್ನ ಗಂಡ ಇಳಿಸಿಟ್ಟು ಒಂದೂ ನೋಡದ ಸಿನಿಮಾಗಳು. ಅವನ್ನೆಲ್ಲ ಅಳಿಸಿದರೂ ಸಾಲಲಿಲ್ಲ. ಎಲ್ಲಕ್ಕಿಂತ ದೊಡ್ಡದಾಗಿ ಕಾಲು ಚಾಚಿ ಕೂತಿದ್ದದ್ದು ನನ್ನ ನಾದಿನಿಯ ಮದುವೆ ವಿಡಿಯೋ.

ನಾದಿನಿ ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಯಾಕೆ ಬಂದಳು ಅನ್ನೋದು ಅವಳ ಕೈಮೇಲಿನ ಕಲೆ ನೋಡಿದವರಿಗೆಲ್ಲ ಗೊತ್ತು. ಕೋರ್ಟಿನಲ್ಲಿ ಡೈವೋರ್ಸ್ ಕೇಸು ನಡೀತಾ ಇತ್ತು. ಹಾಗಂತ ತಾಯಿ ಸತ್ತ ವಾರದಲ್ಲಿ ಮಗಳ ಮದುವೆ ಅಳಿಸ್ತೀವಿ ಅನ್ನೋಕೆ ನಮಗೆ ನಾಲಿಗೆ ಬರಲಿಲ್ಲ. ನನ್ನ ಗಂಡ ಬೇರೆ ಲ್ಯಾಪ್‌ಟಾಪ್ ಯಾರ ಹತ್ತಿರ ಇದೆ ಅಂತ ಗೋಡೆ ನೋಡಿಕೊಂಡು ಕೇಳಿದರು. ಮಾವ ಸುಮ್ಮನೆ ಕೆಮ್ಮಿದರು.

ನಾದಿನಿ ಅಡುಗೆಮನೆಯಿಂದ ಬಂದವಳು ಪರದೆ ನೋಡಿದಳು, ನಮ್ಮ ಮುಖ ನೋಡಿದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ತಾನೇ ಡಿಲೀಟ್ ಒತ್ತಿ ಹೋದಳು. ಮಾವ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆದರೆ ಜಾಗ ಒಂದಿಷ್ಟೂ ಹೆಚ್ಚಲಿಲ್ಲ. ಅಳಿಸಿದ್ದು ಪೂರ್ತಿ ಹೋಗಲ್ಲ, ಒಳಗೆ ಕಸದ ಡಬ್ಬ ಅಂತ ಒಂದಿದೆ, ಅಲ್ಲಿ ಹೋಗಿ ಕೂತಿರುತ್ತೆ, ಅದನ್ನೂ ಖಾಲಿ ಮಾಡಬೇಕು ಅಂತ ನಾನು ಮಾವನವರಿಗೆ ಬಿಡಿಸಿ ಹೇಳ್ತಿದ್ದೆ. ಅಡುಗೆಮನೆಯಿಂದ ನಾದಿನಿಯ ದನಿ ಬಂತು.

"ನಂಗೊತ್ತು ಅತ್ತಿಗೆ. ನನ್ ಲಾಯರ್ರೂ ಎರಡು ವರ್ಷದಿಂದ ಇದನ್ನೇ ಹೇಳ್ತವ್ರೆ."

ಇಡ್ಲಿ ಪಾತ್ರೆ

ಡಬ್ಬ ಖಾಲಿ ಮಾಡಿ ಮತ್ತೆ ಶುರು ಮಾಡಿದೆವು. ಮೂರು ಗಂಟೆ ಆಗುತ್ತೆ ಅಂತ ತೋರಿಸಿತು. ಆಮೇಲೆ ಐದು ಗಂಟೆ ಅಂದಿತು. ಮಧ್ಯೆ ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದ್ದರಿಂದ ಎಲ್ಲ ನಿಂತು, ಮಾರನೇ ದಿನ ಮೊದಲಿಂದ ಮಾಡಬೇಕಾಯಿತು. ಆ ದಿನವೂ ಹಾಗೇ ಆಯಿತು.

ಹೀಗೆ ನಾವು ಮೂರು ದಿನ ಬಾಗಿಲು ಮುಂದೆ ಮಾಡಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆವು. ಮಾತಾಡಿಸೋಕೆ ಬಂದವರಿಗೆಲ್ಲ ಮಾವ ಹೇಳ್ತಿದ್ದದ್ದು ಒಂದೇ, ಸೊಸೆ ಅವಳನ್ನ ವಾಪಸ್ ತರ್ತಾವಳೆ, ಅರ್ಧ ಬಂದವಳೆ, ಅಷ್ಟೊತ್ತಿಗೆ ಕರೆಂಟು ಹೋಯ್ತು. ಈ ಮಾತು ಊರಲ್ಲಿ ಹೇಗೆ ಸುತ್ತಿತೋ ಏನೋ. ಒಂದು ಮಧ್ಯಾಹ್ನ ಪಕ್ಕದ ಮನೆ ಅಜ್ಜಿ ಕೋಲೂರಿಕೊಂಡು ಬಂದು, ಹೊಸ್ತಿಲ ಆಚೆಯೇ ನಿಂತು, ಒಳಗೆ ಇಣುಕಿ ನೋಡದೆ ನನ್ನನ್ನ ಹತ್ತಿರ ಕರೆದಳು. ತಪ್ಪು ತಿಳ್ಕೋಬೇಡ ಮಗ ಅಂದಳು. ನಿಮ್ಮತ್ತೆ ಅಂದ್ರೆ ನನಗೂ ಪ್ರಾಣ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಪೂರ್ತಿ ಬಂದ್ಮೇಲೆ, ಮತ್ತೆ ಕಳ್ಸೋಕ್ ಮುಂಚೆ, ನನ್ ಇಡ್ಲಿ ಪಾತ್ರೆ ಯಾರಿಗೆ ಕೊಟ್ಟವ್ಳೆ ಅಂತ ಒಂದ್ ಮಾತು ಕೇಳು."

ಒಂಬತ್ತೂವರೆ

ಹತ್ತನೇ ದಿನ ಸಾಯಂಕಾಲ ಕೆಲಸ ಮುಗಿಯಿತು. ಫೋನು ಹೊತ್ತಿಕೊಂಡಾಗ ಅತ್ತೆ ಹಾಕಿಕೊಂಡಿದ್ದ ದಾಸವಾಳದ ಚಿತ್ರವೇ ಬಂತು. ಫೋಟೋಗಳೆಲ್ಲ ಇದ್ದವು, ದೊಡ್ಡದು ಮಾಡಿಸೋಕೆ ಒಂದನ್ನ ಆರಿಸಿ ಕಳಿಸಿದೆವು. ಆದರೆ ಮಾವ ಕಾದಿದ್ದು ಅದಕ್ಕಲ್ಲ. ನಾನು ಹುಡುಕಿದೆ. ವಿಡಿಯೋಗಳಲ್ಲಿ ಅತ್ತೆ ತಾವೇ ಕ್ಯಾಮೆರಾ ಹಿಡಿದು ಹಸು, ಹೂವು, ನೀರಿನ ಸಂಪಿನೊಳಗೆ ಬಿದ್ದ ಬೆಕ್ಕನ್ನ ತೆಗೆದಿದ್ದರು, ಒಂದರಲ್ಲೂ ಮಾತಾಡಿರಲಿಲ್ಲ. ತಂಗಿಗೆ ಕಳಿಸಿದ್ದ ವಾಯ್ಸ್ ಮೆಸೇಜುಗಳು ಬ್ಯಾಕಪ್ಪಿನಲ್ಲಿ ಬಂದಿರಲಿಲ್ಲ. ಮಾವನವರಿಗೆ ಹೇಳೋಕೆ ಮನಸ್ಸಿರಲಿಲ್ಲ, ಆದರೂ ಹೇಳಿದೆ. ಹೋಗ್ಲಿ ಬಿಡು, ಇದ್ದಾಗ ಕೇಳಿಸಿಕೊಂಡಿದ್ದು ಅಷ್ಟರಲ್ಲೇ ಇತ್ತು ಅಂದು ಎದ್ದು ಹೋದರು. ಆವತ್ತು ಊಟ ಮಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ತಿಥಿ. ಫೋಟೋ ಮುಂದೆ ಎಲೆ ಹಾಕಿ, ಅತ್ತೆಗೆ ಇಷ್ಟವಾದದ್ದನ್ನೆಲ್ಲ ಇಟ್ಟೆವು. ಉದ್ದಿನ ವಡೆ, ರವೆ ಉಂಡೆ, ಎಲೆಅಡಿಕೆ. ನಾದಿನಿ ಆ ಫೋನನ್ನೂ ತಂದು ವಡೆಯ ಪಕ್ಕ ಇಟ್ಟಳು. ಕುಂದಾಣದಿಂದ ಬಂದಿದ್ದ ಅತ್ತೆಯ ತಂಗಿ ಅದನ್ನ ನೋಡಿ ಇನ್ನೊಮ್ಮೆ ಅತ್ತರು. ನನ್ನ ಗಂಡ ಪುರೋಹಿತರ ಮುಂದೆ ಕೂತಿದ್ದರು. ಮಾವ ಪಕ್ಕದಲ್ಲಿ, ತಲೆ ತಗ್ಗಿಸಿಕೊಂಡು. ಪುರೋಹಿತರು, ಇದು ಕಳಿಸಿಕೊಡೋ ಶಾಸ್ತ್ರ, ಇಲ್ಲಿಗೆ ಆಕೆಗೂ ಈ ಮನೆಗೂ ಋಣ ಮುಗೀತು, ಎಲ್ಲರೂ ಕೈಮುಗೀರಿ ಅಂದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದೆವು.

"ರೀ, ಬಿ.ಪಿ. ಮಾತ್ರೆ ನುಂಗಿದ್ರಾ?"

ಅತ್ತೆಯದೇ ದನಿ. ಎಲೆಯ ಕಡೆಯಿಂದ ಬಂತು. ಕುಂದಾಣದ ಚಿಕ್ಕಮ್ಮ ಕಿಟಾರನೆ ಕಿರುಚಿ ಗೋಡೆಗೆ ಒರಗಿದರು. ಮಾವ ಮಾತ್ರ ಕಣ್ಣು ಬಿಡದೆ, ಅಭ್ಯಾಸ ಬಲದಲ್ಲಿ, "ಹ್ಞೂಂ" ಅಂದರು.

"ಸುಮ್ನೆ ಹ್ಞೂಂ ಅನ್ಬೇಡಿ. ನುಂಗಿಲ್ಲ ಅಂತ ನಂಗೊತ್ತು. ಎದ್ದೋಗಿ."

ನಾದಿನಿ ಕಿವಿಯಲ್ಲಿ ಹೇಳಿದಾಗ ನನಗೆ ಗೊತ್ತಾಯಿತು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಮಾತ್ರೆ ನೆನಪಿಸೋ ಅಲಾರಂ ಹೊಡೆದರೆ ಮಾವ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಅದಕ್ಕೆ ಅತ್ತೆ ಬೆಲ್ಲಿನ ಬದಲು ತಮ್ಮ ದನಿಯನ್ನೇ ಹಾಕಿ, ಫೋನನ್ನ ಅವರ ತಲೆ ಹತ್ತಿರ ಇಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದರಂತೆ. ಬ್ಯಾಕಪ್ಪಿನ ಜೊತೆ ಅದೂ ಬಂದೀತು ಅಂತ ಅವಳಿಗಾಗಲಿ ಮಾವನಿಗಾಗಲಿ ಹೊಳೆದಿರಲಿಲ್ಲ. ನಾನು ಏಳೂವರೆ ಬಸ್ಸಿಗೆ ಕೆಲಸಕ್ಕೆ ಹೊರಡುವವಳು, ನನಗೆ ತಿಳಿದೇ ಇರಲಿಲ್ಲ.

ಫೋನು ಎರಡನೇ ಸಲ ಶುರು ಮಾಡಿತು. ನಿಲ್ಲಿಸೋಕೆ ಯಾರಿಗೂ ಧೈರ್ಯ ಬರಲಿಲ್ಲ. ಮಾವನವರ ಗಲ್ಲದ ಮೇಲೆ ನೀರು ಇಳೀತಿತ್ತು, ಬಾಯಿ ಮಾತ್ರ ನಗ್ತಾ ಇತ್ತು. ಮಂಡಿ ಹಿಡಿದುಕೊಂಡು ಎದ್ದರು. ಪುರೋಹಿತರು, ಯಜಮಾನರೇ ಶಾಸ್ತ್ರದ ಮಧ್ಯೆ ಏಳಬಾರದು, ಆಕೆಯನ್ನ ಕಳಿಸಿಕೊಡ್ತಾ ಇದೀವಿ ಅಂತ ತಡೆದರು.

ಮಾವ ಮಾತ್ರೆ ಡಬ್ಬಿ ಇದ್ದ ಗೂಡಿನ ಕಡೆ ಹೋಗ್ತಾನೇ ಹೇಳಿದರು.

"ನೀವು ಕಳ್ಸೋದು ಕಳ್ಸಿ ಸ್ವಾಮಿ. ನಾಳೆ ಒಂಬತ್ತೂವರೆಗೆ ಅವಳು ಮತ್ತೆ ಬರ್ತಾಳೆ, ಆಗ ನೀವಿರಲ್ಲ."